ಗುಳ್ಳೆ ಬಾರದ ಬಿಯರು

ಹೊರಗೆ ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವ ಗಂಡಸಿಗೆ ಮನೆಯೊಳಗೆ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಡಾಕ್ಟರ ಮಕ್ಕಳಿಗೇ ಸದಾ ಶೀತ, ಮೇಷ್ಟ್ರ ಮಗನೇ ಲೆಕ್ಕದಲ್ಲಿ ಫೇಲು. ನನ್ನ ವಿಷಯ ಗ್ಯಾಸು. ಸೌದಿಯ ರಾಬಿಗ್‌ನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಇಂಜಿನಿಯರ್. ಪೈಪಿನೊಳಗೆ, ಟ್ಯಾಂಕಿನೊಳಗೆ ಒತ್ತಡ ಏರಿದರೆ ಎಂತ ಮಾಡಬೇಕೆಂದು ನಾನಾ ದೇಶದ ಜನರನ್ನು ಕೂರಿಸಿ ಪಾಠ ಹೇಳುವವನು. ಅಂಥ ಪಂಡಿತನಿಗೆ ಮನೆಯಲ್ಲಿ ಮಾಡಿದ ಒಂದು ಬಾಟಲಿ ಬಿಯರಿಗೆ ಗುಳ್ಳೆ ಬರಿಸಲು ಆಗಲಿಲ್ಲ.

ಸೌದಿಯಲ್ಲಿ ಬಿಯರಾ ಎಂದು ಹುಬ್ಬೇರಿಸಬೇಡಿ. ಆ ಕೆಲಸವನ್ನು ನನ್ನ ಹೆಂಡತಿ ಲೀನಾ ಆಗಲೇ ಚೆನ್ನಾಗಿ ಮಾಡಿ ಮುಗಿಸಿದ್ದಾಳೆ. ಸೂಪರ್ ಮಾರ್ಕೆಟ್ಟಿನಲ್ಲಿ ಅಮಲಿಲ್ಲದ ಬಾರ್ಲಿ ಪಾನೀಯ ಸಿಗುತ್ತದೆ. ಸಕ್ಕರೆಗೆ ಯಾರ ಅಡ್ಡಿಯೂ ಇಲ್ಲ. ಕ್ರಿಸ್ಮಸ್ಸಿಗೆ ಇಡ್ಲಿಯಂಥ ಸನ್ನಾ ಮಾಡಲು ಲೀನಾ ತಂದಿಟ್ಟ ಯೀಸ್ಟು ಅಡುಗೆಮನೆಯಲ್ಲಿ ಇದ್ದೇ ಇರುತ್ತದೆ. ಊರಿನಲ್ಲಾದರೆ ಸನ್ನಾದ ಹಿಟ್ಟಿಗೆ ಕಳ್ಳು ಹಾಕುವುದು. ಇಲ್ಲಿ ಕಳ್ಳು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರೆ ವಿಮಾನ ಹತ್ತಿಸುತ್ತಾರೆ. ಈ ಮೂರೂ ಒಂದು ಕ್ಯಾನಿನೊಳಗೆ ಸೇರಿದ ಮೇಲೆ ಮುಂದಿನದ್ದು ದೇವರ ಇಚ್ಛೆ. ನನ್ನ ಬಿಯರಿಗೆ ಹುಳಿ ಬಂತು, ಅಮಲು ಬಂತು, ವಾಸನೆಯಂತೂ ಕೇಳುವುದೇ ಬೇಡ. ಬಾರದ್ದು ಗುಳ್ಳೆ ಮಾತ್ರ.

ಗುಳ್ಳೆ ಇಲ್ಲದಿದ್ದರೆ ಎಂತ ಮಹಾ, ಕಣ್ಣು ಮುಚ್ಚಿ ಕುಡಿದರಾಯಿತು ಎನ್ನುವವರಿಗೆ ನನ್ನ ಭಾವಮೈದ ವಿನ್ನಿಯ ಪರಿಚಯವಿಲ್ಲ. ಲೀನಾಳ ತಮ್ಮ. ಅಲ್ ಖಫ್ಜಿಯ ತೈಲಬಾವಿಯಲ್ಲಿ ಕೆಲಸ, ಪ್ರತಿ ಕ್ರಿಸ್ಮಸ್ಸಿಗೆ ಅಕ್ಕನ ಮನೆಯಲ್ಲಿ ಹಾಜರು. ಹಿಂದಿನ ವರ್ಷ ನನ್ನ ಬಿಯರನ್ನು ಗ್ಲಾಸಿಗೆ ಸುರಿದು, ಬೆಳಕಿಗೆ ಹಿಡಿದು, ಅಲ್ಲಾಡಿಸಿ, "ಭಾವ, ಇದಕ್ಕೆ ಉಪ್ಪಿನಕಾಯಿ ಇಲ್ವಾ?" ಎಂದ. ಗಂಜಿಗೆ ಕೇಳುವ ಹಾಗೆ! ಅಷ್ಟಕ್ಕೇ ಬಿಟ್ಟನೇ? ಖಫ್ಜಿಯ ಅವನ ರೂಮಿನವರಿಂದ ಹಿಡಿದು ಮಂಗಳೂರಿನ ನಮ್ಮ ಅತ್ತೆಯವರೆಗೆ ಎಲ್ಲರ ವಾಟ್ಸಾಪಿನಲ್ಲೂ ನಾನು ಗಂಜಿ ಭಾವನಾದೆ. ಇಷ್ಟು ವರ್ಷ ಬಿಸಿಲಲ್ಲಿ ಬೆಂದು ಸಂಪಾದಿಸಿದ ಮರ್ಯಾದೆ ಒಂದು ಗ್ಲಾಸಿನಲ್ಲಿ ಹೋಯಿತು. ಈ ಸಲ ಅವನ ಮೂಗಿನ ತುದಿಗೆ ನೊರೆ ಅಂಟಿಸದಿದ್ದರೆ ನಾನು ನಾನಲ್ಲ ಎಂದು ತೀರ್ಮಾನಿಸಿದೆ.

ನಮ್ಮ ಕಂಪೌಂಡಿನ ನೆರೆಯವರಲ್ಲಿ ಪುಕ್ಕಟೆ ಸಲಹೆಗೆ ಬರವಿಲ್ಲ. ಬಾಟಲಿಗೆ ತುಂಬುವಾಗ ಚೂರು ಸಕ್ಕರೆ ಹಾಕು, ಅದನ್ನು ತಿಂದು ಯೀಸ್ಟು ಗ್ಯಾಸ್ ಬಿಡುತ್ತದೆ ಎಂದರು, ಹಾಕಿದೆ. ಎಸಿ ತಂಪಿಗೆ ಯೀಸ್ಟು ನಿದ್ದೆ ಹೊಡೆಯುತ್ತದೆ ಎಂದರು. ಬಾಟಲಿಗಳನ್ನೆಲ್ಲ ಎಸಿ ಇಲ್ಲದ ಹಿಂದಿನ ಬಚ್ಚಲಿನ ತೊಟ್ಟಿಯಲ್ಲಿ ಮಲಗಿಸಿ ಕಂಬಳಿ ಹೊದಿಸಿದೆ. ಮಗಳಿಗೆ ಜ್ವರ ಬಂದಾಗಲೂ ನೀವು ಇಷ್ಟು ಆರೈಕೆ ಮಾಡಿದವರಲ್ಲ ಎಂದು ಲೀನಾ ಹಂಗಿಸಿದಳು. ತಂತಿಯ ಕೊಕ್ಕೆಯಿಂದ ಮುಚ್ಚಳ ಬಿಗಿಯುವ, ದಪ್ಪ ಗಾಜಿನ ದ್ರಾಕ್ಷಿರಸದ ಬಾಟಲಿಗಳು. ಸೋರುವ ಮಾತೇ ಇಲ್ಲ.

ಸೋರದಿದ್ದರೆ ಒಡೆಯಬಹುದು. ಒಡೆದು, ಸದ್ದಾಗಿ, ವಾಸನೆ ಯಾರ ಮೂಗಿಗಾದರೂ ಬಡಿದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಆ ಇಕಾಮಾ ಹೋಯಿತು, ಕೆಲಸ ಹೋಯಿತು. ಮೊದಲು ಜೈಲು, ಆಮೇಲೆ ಮಂಗಳೂರು. ನಾನು ಸುಮ್ಮನೆ ಕೂರುವ ಜನವೇ? ಕಾರ್ಖಾನೆಯಲ್ಲಿ ಹೇಳಿಕೊಡುವ ಮೊದಲ ಪಾಠವನ್ನೇ ಮನೆಯಲ್ಲೂ ಪಾಲಿಸಿದೆ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲೇ ಬಚ್ಚಲಿಗೆ ಹೋಗಿ, ಒಂದೊಂದೇ ಬಾಟಲಿಯ ಕೊಕ್ಕೆ ಸಡಿಲಿಸಿ, ಪುಸ್ ಎಂದು ಒತ್ತಡ ಇಳಿಸಿ, ಮತ್ತೆ ಬಿಗಿಯುತ್ತಿದ್ದೆ. ದಿನಾ. ಆ ಸದ್ದು ಕೇಳಿದರೆ ಎದೆ ಹಗುರಾಗುತ್ತಿತ್ತು. ಆಮೇಲೆ ಚಾ ಕುಡಿಯುತ್ತಾ, ಇಲ್ಲಿಯ ಯೀಸ್ಟಿಗೆ ನಿಯತ್ತೇ ಇಲ್ಲ ಎಂದು ಬೈಯುತ್ತಿದ್ದೆ.

ಒಂದು ಸಂಜೆ ಬಟ್ಟೆಯ ಬಕೆಟ್ ಹಿಡಿದು ಬಂದ ಲೀನಾ ಬಾಗಿಲಲ್ಲೇ ನಿಂತಳು. ಎಂತ ಮಾಡುತ್ತಿದ್ದೀರಿ ಎಂದು ಕೇಳಿದಳು. ಬಾಟಲಿ ಒಡೆಯದ ಹಾಗೆ ಗ್ಯಾಸ್ ತೆಗೆಯುತ್ತಿದ್ದೇನೆ ಎಂದು, ಹೊಸ ಕೆಲಸಗಾರರಿಗೆ ಹೇಳುವ ಗತ್ತಿನಲ್ಲೇ ಹೇಳಿದೆ. ಅವಳು ಬಕೆಟ್ ಕೆಳಗಿಟ್ಟಳು.

"ಬಂದ ಗ್ಯಾಸನ್ನು ದಿನಾ ನೀವೇ ಓಡಿಸಿದರೆ ಬಿಯರಿಗೆ ಎಂತ ಉಳಿಯುವುದು ಮಾರಾಯರೇ?"

ಇದೆಲ್ಲ ನಿನಗೆ ಅರ್ಥವಾಗುವುದಿಲ್ಲ ಎಂದೆ. ಅರ್ಥವಾಗದೆ ಇದ್ದದ್ದು ಯಾರಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಸಕ್ಕರೆ ಹಾಕಿ, ಬಿಗಿದು, ಇನ್ನು ವಿನ್ನಿ ಬರುವವರೆಗೆ ಮುಟ್ಟುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಉಳಿಸಿಕೊಂಡದ್ದು ಮರುದಿನ ಸಂಜೆಯವರೆಗೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಒಂದು ಬಾಟಲಿ ಹೇಗಿದೆ ನೋಡೋಣ ಎಂದು ಕೊಕ್ಕೆ ಸಡಿಲಿಸಿದೆ. ಒಂದಕ್ಕೆ ಮಾಡಿದ ಮೇಲೆ ಉಳಿದವಕ್ಕೆ ಅನ್ಯಾಯ ಮಾಡಬಾರದಲ್ಲ. ಅಂದಿನಿಂದ ಪುಸ್ ಸದ್ದು ಲೀನಾಳಿಗೆ ಕೇಳದಿರಲೆಂದು ನಲ್ಲಿ ತಿರುಗಿಸಿಟ್ಟುಕೊಂಡೇ ಕೆಲಸ ನಡೆಸಿದೆ.

ಕ್ರಿಸ್ಮಸ್ ಮಧ್ಯಾಹ್ನ ವಿನ್ನಿ ಗ್ಲಾಸನ್ನು ಬೆಳಕಿಗೆ ಹಿಡಿದ. ಅಲ್ಲಾಡಿಸಿದ. ಎದ್ದು ಹೋಗಿ, ಅಡುಗೆಮನೆಯಿಂದ ಉಪ್ಪಿನಕಾಯಿ ಭರಣಿ ತಂದು ನನ್ನ ಮುಂದಿಟ್ಟ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಲೀನಾ ಒಳಗೆ ಹೋಗಿ, ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ, ಒಂದು ಬಾಟಲಿ ಎಳೆದು ತಂದಳು. ಮಾತು ಕೊಟ್ಟ ದಿನವೇ ತೊಟ್ಟಿಯಿಂದ ಎತ್ತಿಟ್ಟಿದ್ದಳಂತೆ. ಒಂದು ಕಡಿಮೆಯಾದದ್ದು ನನಗೆ ಗೊತ್ತೇ ಆಗಿರಲಿಲ್ಲ. ಕೊಕ್ಕೆ ಬಿಚ್ಚಿದ್ದೇ ತಡ, ನೊರೆ ವಿನ್ನಿಯ ಮೂಗನ್ನು ಬಿಟ್ಟು ಸೀದಾ ಸೀಲಿಂಗಿಗೆ ಹಾರಿತು. ಉಳಿದದ್ದನ್ನು ಒಂದು ಗುಟುಕು ಕುಡಿದು ಅವನು ಕಣ್ಣರಳಿಸಿದ.

"ಅಕ್ಕಾ, ಇದು ನೀನು ಮಾಡಿದ್ದಾ?"

"ಅಲ್ಲ, ಅವರೇ ಮಾಡಿದ್ದು. ನಾನು ಅವರ ಕೈಗೆ ಸಿಗದ ಹಾಗೆ ಇಟ್ಟದ್ದು ಮಾತ್ರ."

ಹೊಸ ವರ್ಷದಲ್ಲಿ ಕಾರ್ಖಾನೆಯವರು ನನಗೊಂದು ಪ್ರಶಸ್ತಿಪತ್ರ ಕೊಟ್ಟರು. ನನ್ನ ಉಸ್ತುವಾರಿಯಲ್ಲಿ ಎಲ್ಲಿಯೂ ಒತ್ತಡ ಏರಲು ಬಿಡಲಿಲ್ಲವಂತೆ. ಲೀನಾ ಅದಕ್ಕೆ ಕಟ್ಟು ಹಾಕಿಸಿ, ಹಿಂದಿನ ಬಚ್ಚಲಿನಲ್ಲಿ, ತೊಟ್ಟಿಯ ಎದುರಿಗೇ ತೂಗುಹಾಕಿದ್ದಾಳೆ.