ನವಣೆ ಕಳ್ಳರಿಗೆ ಚಳಿಗಾಲದ ಊಟ

ಮನುಷ್ಯನಿಗೆ ದುಃಖ ಬಂದರೆ ಸಮಾಧಾನ ಹೇಳುವುದಕ್ಕೆ ಊರೆಲ್ಲ ಬರುತ್ತದೆ. ಸಂತೋಷ ಮಿತಿಮೀರಿದರೆ ಮಾತ್ರ ಯಾರೂ ಹತ್ತಿರ ಸುಳಿಯುವುದಿಲ್ಲ. ಇದನ್ನು ನಾನು ಅಜ್ಜನಾದ ವಾರದಲ್ಲಿ ಕಂಡುಕೊಂಡೆ. ಮಗಳು ಕೊಟ್ರಮ್ಮ ಚೊಚ್ಚಲ ಹೆರಿಗೆಗೆಂದು ಮಾಡದಕೆರೆಗೆ, ನಮ್ಮ ಮನೆಗೆ ಬಂದಿದ್ದಳು. ಮಾರ್ಗಶಿರದ ಒಂದು ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ಮೊರದಲ್ಲಿ ಮಲಗಿಸಿ ಒಂದು ಸಾರಿ, ಒಂದೇ ಸಾರಿ, ನನಗೆ ತೋರಿಸಿದರು. ಮೂಗು ನನ್ನದೇ. ಹಾಗೆಂದು ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಹೆಂಡತಿ ಹಾಲಮ್ಮ, "ಇನ್ನೂ ಮೂಗೇ ಮೂಡಿಲ್ಲ, ಸುಮ್ನೆ ಹೊರಗೆ ನಡೀರಿ" ಎಂದು ಬಾಗಿಲು ಮುಂದೆ ಮಾಡಿದಳು. ಬಾಣಂತಿ ಇರುವ ಮನೆಯಲ್ಲಿ ಅಜ್ಜನಾದವನು ಮುರಿದ ಒನಕೆಗಿಂತ ಕಡೆ. ಒನಕೆಯನ್ನಾದರೂ ಒಲೆಗೆ ಹಾಕಬಹುದು. ನಾನು ಜಗಲಿಗೆ ಬಂದು ಕೂತೆ. ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ ಕೂಸಿನ ಮೂಗಿನ ವಿಷಯ ಹೇಳಿದೆ. ಮೂರನೆಯ ದಿನದಿಂದ ಜನ ನಮ್ಮ ಬೀದಿ ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡತೊಡಗಿದರು. ಹೀಗೆ ಕೇಳುವವರಿಲ್ಲದೆ ಉಕ್ಕಿ ಚೆಲ್ಲುತ್ತಿದ್ದ ಸಂತೋಷವನ್ನು ನಾನು ಕೊನೆಗೆ ಪಡಸಾಲೆಯ ಮೂಲೆಯಲ್ಲಿದ್ದ ಎಂಟು ಹಕ್ಕಿಗಳ ಮೇಲೆ ಸುರಿದೆ. ಅವು ಪಂಜರದಲ್ಲಿದ್ದುದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಹಕ್ಕಿಗಳು ನನ್ನವಲ್ಲ, ಮಗಳವು. ಅಳಿಯಂದಿರು ಸಿದ್ಧಲಿಂಗಪ್ಪನವರು ಚಿಕ್ಕಜಾಜೂರಿನ ರೈಲು ಸ್ಟೇಷನ್ನಿನಲ್ಲಿ ಗುಮಾಸ್ತರು. ಅಲ್ಲಿದ್ದ ರೈಲ್ವೆ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಎದೆಯೆತ್ತರದ ತಂತಿಯ ಪಂಜರವನ್ನು ಹಕ್ಕಿ ಸಮೇತ ಇವರಿಗೆ ಬಿಟ್ಟುಹೋದರಂತೆ. ಮಕ್ಕಳಿಲ್ಲದ ಮೂರು ವರ್ಷ ಕೊಟ್ರಮ್ಮ ಅವನ್ನೇ ಮಕ್ಕಳ ಹಾಗೆ ನೋಡಿಕೊಂಡಿದ್ದಳು. ಹೆರಿಗೆಗೆ ಕರೆಯಲು ಹೋದಾಗ, "ಅವೂ ಬಂದ್ರೆ ನಾನು ಬರ್ತೀನಿ, ಇಲ್ಲಾಂದ್ರೆ ಇಲ್ಲೇ ಹಡೀತೀನಿ" ಎಂದು ಹಟ ಹಿಡಿದಳು. ಹಾಗಾಗಿ ಎರಡು ಗಾಡಿ ಹೊರಟವು, ಒಂದರಲ್ಲಿ ಬಸುರಿ, ಇನ್ನೊಂದರಲ್ಲಿ ಕಂಬಳಿ ಹೊದ್ದ ಪಂಜರ. ದಾರಿಯುದ್ದಕ್ಕೂ ಅಳಿಯಂದಿರು ಇವು ಫಿಂಚ್ ಎಂಬ ಹಕ್ಕಿ, ಬಹಳ ನಾಜೂಕು, ದೊರೆಗಳು ಮಾತ್ರ ಸಾಕತಕ್ಕವು ಎಂದು ವಿವರಿಸುತ್ತ ಬಂದರು. ಮನೆ ಮುಂದೆ ಕಂಬಳಿ ಸರಿಸಿದರು. ನಾನು ಒಳಗೆ ನೋಡಿದೆ. ಅವು ನನ್ನನ್ನು ನೋಡಿದವು. ಇಬ್ಬರಿಗೂ ಗುರುತು ಸಿಕ್ಕಿತು.

ಫಿಂಚೂ ಅಲ್ಲ, ಗಿಂಚೂ ಅಲ್ಲ. ನಮ್ಮ ಹೊಲದ ರಾಟವಾಳ! ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು. ಕೆಂಪು ಕೊಕ್ಕು, ಗಂಡಿಗೆ ಮೈಯೆಲ್ಲ ಕುಂಕುಮ, ಅದರ ಮೇಲೆ ಯಾರೋ ಬೆರಳು ಅದ್ದಿ ಸಿಡಿಸಿದಂತೆ ಬಿಳಿ ಚುಕ್ಕಿ. ನಲವತ್ತು ವರ್ಷ ನಾನು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದ್ದು ಈ ಕುಲದ ಮೇಲೆ. ನವಣೆಗೆ ಹಾಲು ತುಂಬುವ ಹೊತ್ತಿಗೆ ಗುಂಪುಗುಂಪಾಗಿ ಬಂದು ತೆನೆಗೆ ಜೋತುಬಿದ್ದು, ಕಾಳು ನುಂಗಿ, ಹೊಟ್ಟನ್ನು ನನ್ನ ಮುಖಕ್ಕೇ ಉಗಿದು ಹೋಗುವ ಕಳ್ಳರು. ಇವನ್ನು ಯಾರೋ ನಮ್ಮ ಸೀಮೆಯ ಹೊಲದಲ್ಲೇ ಬಲೆ ಹಾಕಿ ಹಿಡಿದು ದೊರೆಗೆ ಮಾರಿದ್ದಾರೆ. ದೊರೆಯ ಮನೆ ಸೇರಿದ ಕೂಡಲೇ ಇವಕ್ಕೆ ಬೇರೆ ಹೆಸರು, ಬೇರೆ ಊಟ. ಸಂಬಂಧಿಕರೊಳಗೂ ಇಂಥವರನ್ನು ನಾನು ಕಂಡಿದ್ದೇನೆ.

ಊಟ ಎಂದರೆ ಒಂದು ತಗಡಿನ ಡಬ್ಬಿ. ಹಡಗಿನಲ್ಲಿ ಬಂದದ್ದು, ಬೆಂಗಳೂರಿನ ದಂಡಿನ ಪೇಟೆಯಿಂದ ತರಿಸಬೇಕು. ಜೊತೆಗೆ ಒಂದು ಇಂಗ್ಲಿಷ್ ಕಾಗದ. ನಾನು ಓದಿದ್ದು ಕೂಲಿಮಠದ ಮರಳ ಮೇಲೆ. ಕಾಗುಣಿತ ಮುಗಿಯುವ ಮೊದಲೇ ಅಪ್ಪ ಕವಣೆ ಕೊಟ್ಟು ಅಟ್ಟಣೆಗೆ ಹತ್ತಿಸಿದ. ಆದ್ದರಿಂದ ಅಳಿಯಂದಿರೇ ಓದಿ ಹೇಳಿದರು. "ಚಳಿಗಾಲದಾಗೆ ಡಬ್ಬಿ ಕಾಳೇ ಆಗ್ಬೇಕಂತೆ, ಮಾವ. ವಾರಕ್ಕೆರಡು ಸಲ ಬೇಯಿಸಿದ ಕೋಳಿ ಮೊಟ್ಟೆ..."

"ಶಿವ ಶಿವಾ!" ಎಂದು ಹಾಲಮ್ಮ ಕಿವಿ ಮುಚ್ಚಿಕೊಂಡಳು. "ಲಿಂಗ ಕಟ್ಟಿದ ಮನೇಲಿ ಮೊಟ್ಟೆ ಬೇಯಿಸ್ಬೇಕಾ? ಹಕ್ಕಿಗೆ ಹಕ್ಕಿ ಮೊಟ್ಟೇನೇ ತಿನ್ಸೋದಾ? ಎಂಥಾ ಕಾಗದ್ರೀ ಅದು!"

ಕಾಗದ ಸೂರಿಗೆ ಸೇರಿತು. ಅಳಿಯಂದಿರು ಕೆಲಸಕ್ಕೆ ಹಿಂದಿರುಗಿದರು. ಕೂಸು ಹುಟ್ಟಿ ಹತ್ತು ದಿನಕ್ಕೆ ಡಬ್ಬಿ ತಳ ಕಂಡಿತು. ಪುಷ್ಯದ ಚಳಿ ಬೇರೆ, ಕೋಟಿನ ಮೇಲೆ ಕಂಬಳಿ ಹೊದ್ದರೂ ಮೂಳೆಗೆ ಇಳಿಯುವಂಥದ್ದು. ಕೋಣೆಯೊಳಗಿಂದ ಮಗಳು, "ಅಪ್ಪಾ, ಅವಕ್ಕೇನಾದ್ರೂ ಆದ್ರೆ ನನಗೆ ಅನ್ನ ಸೇರಲ್ಲ" ಎಂದು ಅಳತೊಡಗಿದಳು. ಬಾಣಂತಿ ಅನ್ನ ಬಿಟ್ಟರೆ ಕೂಸಿಗೆ ಹಾಲೆಲ್ಲಿ? ನನ್ನ ಮೂಗಿನ ಕೂಸು! ನಾನು ಬಾಗಿಲಿನ ಹೊರಗೆ ನಿಂತು ಗಟ್ಟಿಯಾಗಿ ಹೇಳಿದೆ. "ನೀನು ಸುಮ್ನೆ ಉಂಡು ಮಲಗವ್ವ. ಎಂಟಕ್ಕೆ ಎಂಟನ್ನೂ ನಾನು ನಿನ್ನ ಗಾಡಿಗೆ ಹತ್ತಿಸ್ತೀನಿ. ಒಂದು ಸತ್ರೂ ಈ ತಲೆಗೆ ಮತ್ತೆ ರುಮಾಲು ಸುತ್ತಲ್ಲ."

ಒಳಗಿನಿಂದ ಹಾಲಮ್ಮನ ದನಿ ಬಂತು. "ಸುತ್ತದಿದ್ರೆ ಒಳ್ಳೇದೇ ಆತು. ಕೂಸಿಗೆ ಹಾಸೋಕೆ ಹಳೇ ಬಟ್ಟೆ ಸಾಲ್ತಾ ಇಲ್ಲ."

ಮೊದಲ ದಿನವೇ ತಪ್ಪು ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ. ಹಕ್ಕಿ ಎಷ್ಟಾದರೂ ಅಳಿಯನ ಮನೆಯವು. ಬೀಗರ ಕಡೆಯವರಿಗೆ ಹೊಟ್ಟಿನ ಕಾಳು ಬಡಿಸುವುದುಂಟೇ? ಊರಲ್ಲಿ ನಗುತ್ತಾರೆ. ನವಣೆಯನ್ನು ಒರಳಿಗೆ ಹಾಕಿ ಕುಟ್ಟಿಸಿ, ಮೂರು ಸಲ ಕೇರಿಸಿ, ಮುತ್ತಿನಂಥ ಅಕ್ಕಿ ಮಾಡಿಸಿ ಇಟ್ಟೆ. ಹಕ್ಕಿಗಳು ಬಂದು ಮೂಸಿದವು, ಕೊಕ್ಕಿನಿಂದ ಆಚೆ ತಳ್ಳಿದವು, ಮೇಲೆ ಹೋಗಿ ಪುಕ್ಕ ಉಬ್ಬಿಸಿ ಸಾಲಾಗಿ ಕೂತವು. ಸಂಬಂಧ ಒಪ್ಪದ ಬೀಗರು ಜಮಖಾನದ ಮೇಲೆ ಕೂತಿರುತ್ತಾರಲ್ಲ, ಥೇಟು ಹಾಗೆ. ಎರಡನೆಯ ದಿನವೂ ಅದೇ. ನನ್ನ ರುಮಾಲು ತಲೆಯ ಮೇಲೆ ತಾನೇ ಸಡಿಲವಾದಂತೆ ಅನ್ನಿಸಿತು.

ಮೂರನೆಯ ಬೆಳಿಗ್ಗೆ ಬುದ್ಧಿ ಬಂತು. ಎಲಾ, ನಲವತ್ತು ವರ್ಷ ಇವು ಏನು ತಿಂದವು, ಹೇಗೆ ತಿಂದವು ಎಂಬುದು ನನಗಿಂತ ಚೆನ್ನಾಗಿ ಯಾವ ದೊರೆಗೆ ಗೊತ್ತು? ಮಿತ್ರ ನಮ್ಮ ಊಟ ಮರೆಯಬಹುದು, ಕಳಕೊಂಡವನು ಕಳ್ಳನ ರುಚಿ ಮರೆಯುವುದಿಲ್ಲ. ಇವಕ್ಕೆ ಕಾಳಿಗಿಂತ ಹೊಟ್ಟು ಬಿಡಿಸುವುದೇ ಸುಖ, ನಮಗೆ ಕಡಲೆಕಾಯಿ ಸುಲಿಯುವ ಹಾಗೆ! ಕಣಜದ ಪಕ್ಕ ಬೀಜಕ್ಕೆಂದು ಕಟ್ಟಿಟ್ಟಿದ್ದ ನವಣೆಯ ಗೊಂಚಲಿನಿಂದ ಎರಡು ತೆನೆ ಕಿತ್ತು ಪಂಜರದೊಳಗೆ ನೇತುಹಾಕಿದೆ. ಎಂಟೂ ಒಂದೇ ಸಲ ಬಂದು ತಲೆಕೆಳಗಾಗಿ ಜೋತುಬಿದ್ದವು. ಒಂದು ಗಂಡು ಕಾಳು ನುಂಗಿ ಹೊಟ್ಟನ್ನು ನನ್ನ ಮೀಸೆಗೆ ಉಗಿಯಿತು. ಜನ್ಮದಲ್ಲಿ ಮೊದಲ ಸಲ ನನಗೆ ಅದರಿಂದ ಕಣ್ಣಲ್ಲಿ ನೀರು ಬಂತು.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಯಾವ ತಿಂಗಳು ಯಾವ ಹೊಲದಲ್ಲಿ ನಷ್ಟವಾಗಿತ್ತು ಎಂದು ನೆನೆದು ನೆನೆದು ಕಾಳು ಕೂಡಿಸಿದೆ. ನವಣೆ ಎರಡು ಪಾವು, ಏಕೆಂದರೆ ಅವು ಮೊದಲು ಬೀಳುತ್ತಿದ್ದುದು ಅದಕ್ಕೆ. ಸಾವೆ ಒಂದು ಪಾವು. ಬರಗು ಅರ್ಧ ಪಾವು. ಬದುವಿನ ಹುಲ್ಲನ್ನು ತೆನೆ ಸಮೇತ ಕೊಯ್ದು ಕೊಡವಿದ ಬೀಜ ಒಂದು ಹಿಡಿ, ಅದು ನಂಚಿಕೊಳ್ಳಲು. ಆದರೂ ಚಳಿಗೆ ಏನೋ ಸಾಲದು ಅನ್ನಿಸುತ್ತಿತ್ತು. ಒಳಗೆ ಹಾಲಮ್ಮ ಬಾಣಂತಿಗೆ ಒಣಕೊಬ್ಬರಿ, ಎಳ್ಳು, ಅಂಟು, ಬೆಲ್ಲ ಕುಟ್ಟಿ ಉಂಡೆ ಕಟ್ಟುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ಮೂಗು ಇಟ್ಟು ಕೇಳಿದೆ, "ಲೇ, ಚಳಿಗೆ ಎಳ್ಳು ಯಾಕೆ ಹಾಕ್ತೀಯ?"

"ಮೈಗೆ ಜಿಡ್ಡು ಬ್ಯಾಡ್ವಾ? ಜಿಡ್ಡಿದ್ರೆ ಮೈ ಬೆಚ್ಚಗಿರ್ತೈತೆ."

"ಹಕ್ಕಿಗೂ?"

"ಹಕ್ಕಿ ಬಾಣಂತನಾನೂ ನಾನೇ ಮಾಡ್ಬೇಕೇನ್ರಿ?"

ಅಷ್ಟು ಸಾಕಾಗಿತ್ತು. ಹುಚ್ಚೆಳ್ಳು ಬೆರೆಸಿದೆ. ಸಂತೋಷದ ಕೈ ನೋಡಿ, ಅಳತೆ ತಪ್ಪಿತು. ವಾರದೊಳಗೆ ಒಂದು ಹೆಣ್ಣು ಹಕ್ಕಿ ಶಾನುಭೋಗರ ಹೊಟ್ಟೆಯಂತೆ ಉಬ್ಬಿ, ಮೇಲಿನ ಕಡ್ಡಿಗೆ ಹಾರಲಾರದೆ ಕೆಳಗೇ ಕೂತಿತು. ಹುಚ್ಚೆಳ್ಳನ್ನು ಚಿಟಿಕೆಗೆ ಇಳಿಸಿದೆ. ಕಾಗದ ಹೇಳಿದ ಮೊಟ್ಟೆಯ ಬದಲು ಹಿತ್ತಲ ಗೋಡೆಯಿಂದ ಉದುರಿದ ಹಳೆಯ ಗಾರೆಯ ಪುಡಿ ಇಟ್ಟೆ. ಎಲೆಯಡಿಕೆ ಹಾಕುವವರ ಹಾಗೆ ಊಟವಾದ ಮೇಲೆ ಒಂದೊಂದೇ ಬಂದು ಚೂರು ಸುಣ್ಣ ಕುಕ್ಕಿ ಹೋಗುತ್ತಿದ್ದವು. ದಿನಾ ಬೆಳಿಗ್ಗೆ ಬಟ್ಟಲಿನ ಹೊಟ್ಟು ಊದುವುದು, ಕಾಳು ಬಿಸಿಲಿಗಿಡುವುದು, ಕೂಸಿನ ಮೂಗಿನ ಸಮಾಚಾರ ಹೇಳುವುದು. ಹಕ್ಕಿಗಳು ತಲೆ ಓರೆ ಮಾಡಿ ಕೇಳುತ್ತಿದ್ದವು. ಊರಿನವರಿಗಿಂತ ಎಷ್ಟೋ ವಾಸಿ.

ಇಷ್ಟರಲ್ಲಿ ಬಣ್ಣ ಹೋಗತೊಡಗಿತು. ಮೊದಲು ಎದೆಯ ಕುಂಕುಮ ಮಾಸಿತು, ಆಮೇಲೆ ಬೆನ್ನಿನದು. ಮಾಘದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಅಳಿಯಂದಿರು ಬರುವ ಹೊತ್ತಿಗೆ ನಾಲ್ಕು ಗಂಡೂ ಹೆಣ್ಣಿನಂತೆ ಮಣ್ಣಿನ ಬಣ್ಣವಾಗಿದ್ದವು. ಕಂಕುಳಲ್ಲಿ ಹೊಸ ಡಬ್ಬಿ ಇಟ್ಟುಕೊಂಡು ಬಂದ ಅವರು ಪಂಜರ ನೋಡಿ ಬೆವೆತುಹೋದರು.

"ಮಾವ, ಇದೇನ್ರಿ ಇದು! ನಿಮ್ಮ ಕಾಳು ತಿಂದು ರಕ್ತಾನೇ ಬತ್ತಿ ಹೋಗೈತಲ್ರೀ. ಇನ್ನು ನಾಕು ದಿನ ಉಳಿಯಲ್ಲ. ಡಬ್ಬಿ ಒಡೀರಿ ಮೊದ್ಲು."

ಮಗಳು ಕೂಸನ್ನೆತ್ತಿಕೊಂಡು ಬಂದು ನೋಡಿದಳು. ಅವಳ ಕಣ್ಣು ತುಂಬಿದ್ದು ನನಗೆ ಕವಣೆಕಲ್ಲು ಬಡಿದಂತಾಯಿತು. ತೊಟ್ಟಿಲಿಗೆ ಬಂದ ನೆಂಟರೆಲ್ಲ ಸುತ್ತ ನಿಂತಿದ್ದರು. ಡಬ್ಬಿ ಒಡೆಯುತ್ತೇನೆ ಎಂದರೆ ಅಲ್ಲಿಗೆ ನಾನು ಸೋತಂತೆ. ಆದರೂ ಒಡೆದೆ, ಒಡೆದು ಮೊರಕ್ಕೆ ಸುರಿದೆ. ಬಗ್ಗಿ ನೋಡಿದೆ. ಕಂಡುಕೇಳದ ಉದ್ದನೆಯ ಕಾಳು ಸ್ವಲ್ಪ, ಮಿಕ್ಕದ್ದೆಲ್ಲ ಏನು? ನವಣೆ! ಅದೂ ಹುಳು ಹಿಡಿದು, ಬಲೆ ಕಟ್ಟಿ, ಮುಗ್ಗಲು ನಾರುವ ನವಣೆ!

"ಅಳಿಯಂದ್ರೇ," ಎಂದೆ, ರುಮಾಲು ಸರಿಮಾಡಿಕೊಂಡು, "ನಮ್ಮ ಕಳ್ಳರಿಗೆ ಹಡಗು ಹತ್ತಿ ಬಂದ ಹುಳುಕು ನವಣೆ ಯಾಕೆ ಬೇಕ್ರಿ? ನನ್ನ ಕಣಜದಾಗೆ ಗಟ್ಟಿ ನವಣೆ ಐತೆ. ಈ ಡಬ್ಬಿ ಕಾಳು ಪಂಜರಕ್ಕೆ ಹೋಗಬೇಕಾದ್ರೆ ನನ್ನ ದಾಟಿ ಹೋಗಬೇಕು."

"ಆದ್ರೆ ಬಣ್ಣ, ಮಾವ?" ಎಂದರು ಅವರು ಮೆಲ್ಲಗೆ.

ಸುಮ್ಮನಿರುವುದು ನಮ್ಮ ವಂಶದಲ್ಲಿ ಇಲ್ಲ. "ಮುಂಗಾರು ಬರೋವರೆಗೆ ಬಿಡ್ರಿ. ಬಣ್ಣ ಮಳೆ ಜೊತೆ ಬರ್ತೈತೆ" ಎಂದುಬಿಟ್ಟೆ. ಹಾಗೆಂದು ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕ ನಿಂತು ಯೋಚಿಸಿದೆ, ಯಾಕೆ ಹಾಗಂದೆ? ನಿಧಾನಕ್ಕೆ ನೆನಪಾಯಿತು. ತೆನೆಯ ಕಾಲದಲ್ಲಿ ಹೊಲಕ್ಕೆ ಬರುತ್ತಿದ್ದವು ಕೆಂಪು. ಸುಗ್ಗಿ ಮುಗಿದು ಕಣದಲ್ಲಿ ಉದುರು ಕಾಳು ಹೆಕ್ಕಲು ಬರುತ್ತಿದ್ದವು ಮಣ್ಣು ಬಣ್ಣದವು. ಅವು ಬೇರೆ, ಯಾವುದೋ ಬಡ ಹಕ್ಕಿ ಎಂದುಕೊಂಡು ಪಾಪ ಎಂದು ಬಿಟ್ಟುಬಿಡುತ್ತಿದ್ದೆ. ಅವೂ ಇವೇ ಏನು? ಕಳ್ಳರು ವೇಷ ಬದಲಿಸಿ ಬರುತ್ತಿದ್ದರೇ? ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ನಾಲ್ಕು ತಿಂಗಳು ನಾನು ಊರೆದುರು ಎದೆ ಸೆಟೆಸಿ ಓಡಾಡಿದೆ. ಎಮ್ಮೆಗೆ ಮಾತ್ರ ನಿಜ ಗೊತ್ತಿತ್ತು.

ಚಳಿ ಕಳೆಯಿತು, ಬೇಸಿಗೆ ಸುಟ್ಟಿತು. ಎಂಟೂ ಬದುಕಿದ್ದವು, ಎಂಟೂ ಮಣ್ಣಿನ ಬಣ್ಣ. ರೋಹಿಣಿ ಮಳೆಯ ಮೊದಲ ಹನಿ ಬಿದ್ದ ವಾರ, ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಮಗಳು ಕೂಸನ್ನು ಸೊಂಟಕ್ಕೇರಿಸಿ ಪಂಜರದ ಮುಂದೆ ನಿಂತಿದ್ದಳು. ಕೂಸು ತಂತಿಯೊಳಗೆ ಬೆರಳು ತೂರಿಸಿ ಕಿರುಚಿತು. "ಅಪ್ಪಾ! ಓಡಿ ಬಾ!" ಎಂದು ಮಗಳು ಕೂಗಿದಳು. ನಾನು ಓಡಿದೆ. ಒಂದು ಗಂಡಿನ ಎದೆಯಲ್ಲಿ ಸಾಸಿವೆಯಷ್ಟು ಕೆಂಪು. ಮರುದಿನ ಎರಡರಲ್ಲಿ. ಹೊರಡುವ ದಿನಕ್ಕೆ ನಾಲ್ಕಕ್ಕೂ ಕುಂಕುಮ ಎರಚಿದಂತಾಗಿತ್ತು. ಅಳಿಯಂದಿರು ಬಂದು ನೋಡಿ, ಟೋಪಿ ತೆಗೆದು, "ಮಾವ, ಎರಡು ಸೇರು ನಿಮ್ಮ ಕಾಳು ಕಟ್ಟಿಕೊಡ್ರಿ" ಎಂದರು. ನಾನು ಐದು ಸೇರು ಕಟ್ಟಿದೆ. ಗಾಡಿ ಹೊರಡುವಾಗ ಗಾಳಿ ಎದ್ದಿತು. ಪಂಜರಕ್ಕೆ ಹೊದಿಸಲು ಬೇರೇನೂ ಕೈಗೆ ಸಿಗದೆ ರುಮಾಲನ್ನೇ ಬಿಚ್ಚಿ ಸುತ್ತಿದೆ. ಒಂದೂ ಸಾಯದಿದ್ದರೂ ನನ್ನ ತಲೆ ಬರಿದಾಯಿತು. ಕೂಸು ಗಾಡಿಯಿಂದ ನನ್ನ ಬೋಳುತಲೆ ನೋಡಿ ನಕ್ಕಿತು. ಮೂಗು ನನ್ನದೇ, ಈಗ ಹಾಲಮ್ಮನೂ ಒಪ್ಪುತ್ತಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೊನ್ನೆ ನವಣೆಗೆ ಹಾಲು ತುಂಬಿತು. ಹಾಲಮ್ಮ ಕವಣೆ ಕೈಗಿಟ್ಟು ಹೊಲಕ್ಕೆ ಕಳಿಸಿದಳು. ಅಟ್ಟಣೆ ಹತ್ತಿದೆ, ಕಲ್ಲು ಹೂಡಿದೆ. ಬಂತು ಗುಂಪು, ಇನ್ನೂರೋ ಮುನ್ನೂರೋ, ಗಂಡೆಲ್ಲ ಕೆಂಪು. ಜೋತುಬಿದ್ದು ಉಗಿಯತೊಡಗಿದವು. ನಾನು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅವು ತಿನ್ನುವ ಕ್ರಮ ಸರಿಯಿರಲಿಲ್ಲ. ಬರೀ ನವಣೆ, ಬರೀ ನವಣೆ! ತಡೆಯಲಾರದೆ ಕೂಗಿದೆ, "ಲೇ, ಅದನ್ನೇ ಎಷ್ಟು ತಿಂತೀರೋ? ಆ ಅಂಚಿನ ಸಾಲಿನಾಗೆ ಸಾವೆ ಐತೆ ನೋಡ್ರೋ! ಹುಚ್ಚೆಳ್ಳು ಮಾತ್ರ ಚಿಟಿಕೆ ಸಾಕು!"

ಹಿಂದೆ ಬುತ್ತಿ ಹೊತ್ತು ಬಂದ ಹಾಲಮ್ಮ ಏಣಿಯ ಕೆಳಗೆ ನಿಂತಿದ್ದಳು. "ಏನ್ರಿ, ಹಕ್ಕಿ ಓಡ್ಸೋಕೆ ಕಳ್ಸಿದ್ರೆ ಪಂಕ್ತಿ ವಿಚಾರಿಸ್ತಾ ಇದೀರಾ? ಇಳೀರಿ ಕೆಳಗೆ, ಕವಣೆ ಕೊಡ್ರಿ ಇಲ್ಲಿ."

ಕವಣೆ ಕೊಟ್ಟೆ. ಇಳಿಯಲು ಮಾತ್ರ ಒಪ್ಪಲಿಲ್ಲ. ಉಣ್ಣುವವರು ಎಲೆ ಬಿಟ್ಟು ಏಳುವ ತನಕ ಬಡಿಸುವವನು ಪಂಕ್ತಿ ಬಿಟ್ಟು ಹೋಗಬಾರದು.