ಬ್ಯಾಕ್ಟೀರಿಯಾದ ನಕಲು ಪಾಠ

ತನಗೇ ಅರೆಬರೆ ಗೊತ್ತಿರುವುದನ್ನು ಕಲಿಸಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಅರವತ್ತರ ದಶಕ ಮುಗಿಯುತ್ತಿತ್ತು. ಹಾಸನದ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬ್ಯಾಕ್ಟೀರಿಯಾ ತನ್ನ ಜೀನನ್ನು ಆರ್‌ಎನ್‌ಎಯಾಗಿ ನಕಲು ಮಾಡುವುದನ್ನು ಎಲ್ಲಿ ಶುರು ಮಾಡಿ ಎಲ್ಲಿ ನಿಲ್ಲಿಸುತ್ತದೆ ಎಂಬುದು ಆಗ ತೀರಾ ಹೊಸ ಸಂಗತಿ. ಅದನ್ನೇ ಕಲಿಸಿ ಎಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು.

೧. ಹಿಂದಿನ ಬೆಂಚು

ಮೊದಲ ದಿನವೇ ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರದು ಇತಿಹಾಸ. "ನಕಲು ಮಾಡುವ ಕಿಣ್ವ ಡಿಎನ್‌ಎ ಮೇಲೆ ಕಂಡಕಂಡಲ್ಲಿ ಶುರು ಮಾಡುವುದಿಲ್ಲ. ಪ್ರೊಮೋಟರ್ ಎಂಬ ಶುರುವಿನ ಗುರುತು ಇದ್ದರೇನೇ ಕೆಲಸ ಮುಂದಕ್ಕೆ ಹೋಗುವುದು" ಎಂದೆ. ಅವರು ಏನೋ ಬರೆದುಕೊಂಡರು. ಕ್ಲಾಸು ಮುಗಿದ ಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಪ್ರಮೋಷನ್ ವಿಷಯ ಹುಡುಗರ ಮುಂದೆ ಎತ್ತಬೇಡಿ. ಮೊದಲು ಕಾಯಂ ಆಗಲಿ."

೨. ತಾಲೀಮು

ಹೆಂಡತಿ ಹೆರಿಗೆಗೆಂದು ಹೊಳೆನರಸೀಪುರದ ತವರಿಗೆ ಹೋಗಿದ್ದಳು. ಭಾನುವಾರ ನೋಡಲು ಹೋದವನು ಅಲ್ಲೂ ಪಡಸಾಲೆಯಲ್ಲಿ ಓಡಾಡುತ್ತಾ ಮುಂದಿನ ಪಾಠ ನನಗೆ ನಾನೇ ಒಪ್ಪಿಸುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಏನಪ್ಪಾ ಅದು, ಮಂತ್ರದ ಹಾಗೆ?"

"ನಕಲು ಸಾಕು ಎನ್ನುವ ಜಾಗ ಬಂದಾಗ ಬ್ಯಾಕ್ಟೀರಿಯಾ ನಿಲ್ಲಿಸಿಬಿಡುತ್ತೆ ಅತ್ತೆ. ಕೆಲವು ಕಡೆ ರೋ ಅನ್ನೋ ಪ್ರೋಟೀನು ಬಂದು ನಿಲ್ಲಿಸುತ್ತೆ."

ಒಳಗೆ ಮಾವನವರು ಬೆಳಗಿನಿಂದ ಯಾರಿಗೋ ತಮ್ಮ ಕಾಶಿಯಾತ್ರೆಯ ಕಥೆ ಹೇಳುತ್ತಲೇ ಇದ್ದರು. ಅತ್ತೆ ಆ ಕಡೆ ಒಮ್ಮೆ ನೋಡಿ ಕೇಳಿದರು:

"ಆ ರೋ ಔಷಧಿ ಅಂಗಡೀಲಿ ಸಿಗುತ್ತಾ?"

೩. ವೈವಾ

ನಿಲ್ಲಿಸುವ ಭಾಗ ಕಲಿಸಬೇಕಾದ ದಿನ, ಅರ್ಧ ಕ್ಲಾಸಿನಲ್ಲಿ ತಂತಿ ಬಂತು: ಹೆಂಡತಿಗೆ ನೋವು ಶುರುವಾಗಿದೆ. ಸೀಮೆಸುಣ್ಣ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ. ಹೆಣ್ಣು ಮಗು, ಇಬ್ಬರೂ ಕ್ಷೇಮ. ವಾಪಸು ಬರುವಷ್ಟರಲ್ಲಿ ಮೌಖಿಕ ಪರೀಕ್ಷೆ.

ಮೈಸೂರಿನಿಂದ ಬಂದ ಪರೀಕ್ಷಕರು ನಗುವವರಲ್ಲ. ನನ್ನ ಬಗ್ಗೆಯೂ ಅವರೇ ವರದಿ ಬರೆಯುವವರು. ದುದ್ದ ಎಂಬ ಹಳ್ಳಿಯ ವಿದ್ಯಾರ್ಥಿಯೊಬ್ಬನನ್ನು ಕೂರಿಸಿಕೊಂಡರು. ನಾನು ಬಾಗಿಲ ಬಳಿ ನಿಂತಿದ್ದೆ.

"ನಕಲು ಸರಿಯಾದ ಜಾಗದಲ್ಲಿ ಶುರುವಾಗೋಕೆ ಸಹಾಯ ಮಾಡೋದು ಯಾವುದು?"

"ಸಿಗ್ಮಾ ಸಾ."

"ಶುರುವಾದ ಮೇಲೆ ಸಿಗ್ಮಾ ಏನು ಮಾಡುತ್ತೆ?"

"ಬಿಟ್ಟು ಒಂಟೋಯ್ತದೆ ಸಾ."

ಪರೀಕ್ಷಕರು ಒಪ್ಪಿ ತಲೆಯಾಡಿಸಿದರು.

"ಸರಿ. ಕೊನೆಗೆ ನಿಲ್ಲೋದು ಹೇಗೆ?"

ನಾನು ಕಲಿಸದೆ ಉಳಿದದ್ದು ಅದೊಂದೇ. ಮುಂದೆ ಕೆಲಸ ಕಾಯಂ ಆಯಿತು, ಆ ವರದಿಯಲ್ಲಿ ಒಳ್ಳೆಯ ಮಾತೇ ಇತ್ತು. ಆದರೆ ಆ ಕ್ಷಣಕ್ಕೆ ಅದು ಯಾರಿಗೆ ಗೊತ್ತು? ಹುಡುಗ ನೆಲ ನೋಡಿದ, ನನ್ನನ್ನು ನೋಡಿದ, ಆಮೇಲೆ ವಿನಯದಿಂದ ಹೇಳಿದ:

"ಗೊತ್ತಿಲ್ಲ ಸಾ. ಸಿಗ್ಮಾ ಒಂಟೋದ್ ಮ್ಯಾಲೆ ನಮ್ ಮೇಷ್ಟ್ರೂ ಒಂಟೋದ್ರು."