ತೂತುಹಲಗೆಯ ಬಲಭಾಗಕ್ಕೆ ಕರೆಂಟು ಬರುವ ದಿನಗಳು

ಅದಕ್ಕೊಂದು ಹೆಸರಿದೆ. ರೊಟ್ಟಿ ಕತ್ತರಿಸುವ ಹಲಗೆಯ ಹೆಸರೇ ಅದಕ್ಕೂ. ಬ್ರೆಡ್ಡು... ಇರಲಿ, ತೂತುಹಲಗೆ ಎನ್ನುತ್ತೇನೆ: ಸಣ್ಣ ತೂತುಗಳಿಗೆ ತಂತಿ ಚುಚ್ಚಿ ಮಕ್ಕಳು ಕರೆಂಟಿನ ಯಂತ್ರ ಕಟ್ಟಿ ಕಲಿಯುವ ಅಂಗೈಯಗಲದ ಹಲಗೆ. ಸದರಿ ತೂತುಹಲಗೆಯ ಬಲ ಅರ್ಧಕ್ಕೆ ವಾರದಲ್ಲಿ ಮೂರು ದಿನ ಮಾತ್ರ ಕರೆಂಟು ಕೊಡತಕ್ಕದ್ದೆಂದು ನಮ್ಮೂರಿನ ತಾಂತ್ರಿಕ ಶಾಲೆ ತೀರ್ಮಾನಿಸಿದೆ.

ನಾನು ಉತ್ತರದ ನದಿಸೀಮೆ ಲುವಾಪುಲದ ಮೀನು ಬಿಟ್ಟು ಬಂದು, ಜಾಂಬಿಯಾದ ಈ ದಕ್ಷಿಣದ ತುದಿಯಲ್ಲಿ, ಟೋಂಗಾ ಜನರ ದನಗಳ ನಡುವೆ ಮುದುಕಿಯಾದವಳು. ಮೊಮ್ಮಗಳು ಚೋಲ್ವೆ ಆ ಶಾಲೆಯಲ್ಲಿ ಓದುತ್ತಾಳೆ. ದವಾಖಾನೆಯ ಫ್ರಿಜ್ ಬಿಸಿಯಾದರೆ ಕೂಗುವ ಯಂತ್ರವೊಂದನ್ನು ಹಲಗೆಯ ಮೇಲೆ ಕಟ್ಟಿದಳು. ಆ ಫ್ರಿಜ್ಜಿನಲ್ಲಿ ಮಕ್ಕಳ ಲಸಿಕೆ ಇರುತ್ತದೆ. ನನ್ನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನೂ ಇರುತ್ತದೆ. ಪರೀಕ್ಷೆಯ ದಿನ ಎಡಭಾಗದ ದೀಪ ಹತ್ತಿತು. ಬಲಭಾಗದ ಗಂಟೆ ಕೂಗಲಿಲ್ಲ.

ಪ್ರಾಂಶುಪಾಲ ಬಾ ಮ್ವೀಂಗಾ (ಇಲ್ಲಿ 'ಬಾ' ಎಂದರೆ ಶ್ರೀಯುತರು) ಗಡಿಯಾರ ನೋಡಿಕೊಂಡರು. "ಈ ಕಡೆ ಕರೆಂಟ್ ತೆಗ್ದಿದಾರೆ. ಯಾವಾಗ ಬರುತ್ತಂತೆ?"

"ಸರ್, ಇದು ಬ್ಯಾಟರಿ ಮೇಲೆ ನಡೆಯೋದು. ಹಲಗೆ ಮೇಲೆ ಕರೆಂಟ್ ಹರಿಯೋ ಈ ಕೆಂಪು ಗೆರೆ ಮಧ್ಯದಲ್ಲಿ ತುಂಡಾಗಿದೆ ನೋಡಿ. ನೀಲಿದೂ ಹಾಗೇ. ಎರಡು ಚೋಟುದ್ದ ತಂತಿ ಚುಚ್ಚಿದ್ರೆ ಆಯ್ತು."

"ದೇಶಕ್ಕೆಲ್ಲ ಸರದಿ ಮೇಲೆ ಕರೆಂಟು. ಬ್ಯಾಟರಿ ಏನು ದೇಶದ ಹೊರಗಿದೆಯೇನಮ್ಮಾ?"

ಅವಳು ತಂತಿ ಚುಚ್ಚಿದಳು. ಗಂಟೆ ಕೂಗಿತು. ತೊಂದರೆ ಶುರುವಾದದ್ದೇ ಆಗ.

ಶಾಲೆಯ ಕರೆಂಟು ವಿತರಣಾ ಸಮಿತಿ ಪ್ರಾರ್ಥನೆಯೊಂದಿಗೆ ಸೇರಿತು. ಒಂದು ಪ್ರದೇಶದಿಂದ ಇನ್ನೊಂದು ಪ್ರದೇಶಕ್ಕೆ ಅನುಮತಿಯಿಲ್ಲದೆ ತಂತಿ ಎಳೆಯುವುದು ಕಳ್ಳ ಸಂಪರ್ಕವೆಂದು ಪರಿಗಣಿಸಿ, ಎರಡೂ ತಂತಿಗಳನ್ನು ಲಕೋಟೆಯಲ್ಲಿಟ್ಟು ಅರಗು ಹಾಕಲಾಯಿತು.

"ಈ ಕಡಲೆಬೀಜದ ಥರದ್ದು ಏನಿದು?" ಎಂದರು ಬಾ ಮ್ವೀಂಗಾ.

"ಕೆಪಾಸಿಟರ್, ಸರ್. ಗಂಟೆ ಕೂಗಿದಾಗ ಕರೆಂಟ್ ತೂಗಾಡುತ್ತೆ. ಇದು ಸ್ವಲ್ಪ ಕೂಡಿಟ್ಕೊಂಡು ಸಮ ಮಾಡುತ್ತೆ."

"ಕೂಡಿಟ್ಕೊಳ್ಳುತ್ತಾ?" ಸಭೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದು ನಿಂತಿತು. "ಪಕ್ಕದ ಮನೆ ಕತ್ತಲಲ್ಲಿರುವಾಗ?"

ಅದಕ್ಕೂ ಲಕೋಟೆಯಾಯಿತು.

ಆದರೂ ಸಮಿತಿಗೆ ಕರುಣೆಯಿತ್ತು. ಸೋಮ, ಬುಧ, ಶುಕ್ರವಾರ ಅರಗು ಒಡೆದು ಬಲಭಾಗಕ್ಕೆ ಕರೆಂಟು ಕೊಡುವುದು, ಸಂಜೆ ಮತ್ತೆ ಅರಗು ಹಾಕುವುದು ಎಂದಾಯಿತು. ಚೋಲ್ವೆ ಪಾಸಾದಳು. ತಂತಿ ಚುಚ್ಚಿ ಕೀಳುವ ಹುದ್ದೆಯೂ ಅವಳಿಗೇ ಸಿಕ್ಕಿತು. ಯಂತ್ರ ದವಾಖಾನೆ ಸೇರಿತು, ಜೊತೆಗೆ ಒಂದು ಪ್ರಕಟಣೆ: "ಫ್ರಿಜ್ ಸೋಮ, ಬುಧ, ಶುಕ್ರವಾರ ಹಗಲಿನಲ್ಲಿ ಮಾತ್ರ ಕೆಡತಕ್ಕದ್ದು."

ಮೊದಲ ಮಂಗಳವಾರವೇ ಫ್ರಿಜ್ ಸದ್ದಿಲ್ಲದೆ ಬಿಸಿಯಾಯಿತು. ನನ್ನ ಇಂಜೆಕ್ಷನ್ ಹಾಳಾಯಿತು.

"ಏನ್ ಮಾಡೋದು ಅಜ್ಜಿ," ಎಂದಳು ನರ್ಸ್ ಹಾಮೂಂಗಾ. "ಪ್ರಕಟಣೇನ ಫ್ರಿಜ್ ಬಾಗಿಲಿಗೇ ಅಂಟಿಸಿದ್ವಿ. ಓದಿಲ್ಲ ಅದು."

"ನಿಮ್ಮ ಫ್ರಿಜ್ಜೂ ಟೋಂಗಾನೇ ಇರ್ಬೇಕು ಕಣೇ. ಹೇಳಿದ ಮಾತು ಕೇಳಲ್ಲ."

"ನಿಮ್ಮ ಲುವಾಪುಲದ್ದಾಗಿದ್ರೆ ಇಷ್ಟೊತ್ತಿಗೆ ಮೀನು ಹಿಡಿಯೋಕೆ ಹೋಗಿರ್ತಿತ್ತು!" ಎಂದು ನಕ್ಕಳು. ಹೊಸ ಮದ್ದು ಶುಕ್ರವಾರ ಬರುತ್ತದಂತೆ. ಅಲ್ಲಿಯವರೆಗೆ ಸಿಹಿಗೆಣಸು ತಿನ್ನಬೇಡಿ ಎಂದಳು.

ಮನೆಗೆ ಬಂದು ಯೋಚಿಸಿದೆ. ಫ್ರಿಜ್ಜಿಗೆ ಓದು ಬಾರದು, ಅದರದೇನು ತಪ್ಪು? ನನಗೆ ಬರುತ್ತದೆ. ಕಣ್ಣು ಮಾತ್ರ ಮಂಜು.

"ಚೋಲ್ವೆ, ಬಾ ಇಲ್ಲಿ. ದೊಡ್ಡ ಅಕ್ಷರದಲ್ಲಿ ಬರಿ, ಬಾಗಿಲಿಗೆ ಅಂಟಿಸೋಣ: ಅಜ್ಜಿಗೆ ಸಕ್ಕರೆ ಏರುವ ದಿನಗಳು, ಸೋಮವಾರ, ಬುಧವಾರ, ಶುಕ್ರವಾರ. ಬರೆದ್ಯಾ?"